ಬಲೆ ಕೇಳಿಸದ ಡಾಲ್ಫಿನ್: ಒಂದು ಪ್ರಶ್ನೆಯ ಚರಿತ್ರೆ

ಶಬ್ದದ ಪ್ರತಿಫಲನವನ್ನು ಪಾಠ ಮಾಡುವಾಗ ಬಾವಲಿ ಮತ್ತು ಡಾಲ್ಫಿನ್‌ಗಳನ್ನು ಹೆಸರಿಸದ ಭೌತವಿಜ್ಞಾನದ ಶಿಕ್ಷಕರು ಇರಲಾರರು. ರಾಯಚೂರಿನ ತರಗತಿಯಲ್ಲಿ ನಾನೂ ಹಲವು ವರ್ಷ ಹಾಗೆಯೇ ಮಾಡಿದ್ದೇನೆ. ನೀರಿನಲ್ಲಿ ತೂಗುಬಿಟ್ಟ ಉಕ್ಕಿನ ಚಿಕ್ಕ ಗುಂಡೊಂದನ್ನು ನೂರು ಮೀಟರಿಗೂ ಹೆಚ್ಚು ದೂರದಿಂದ ಡಾಲ್ಫಿನ್ ತನ್ನ ಪ್ರತಿಧ್ವನಿಯ ಬಲದಿಂದಲೇ ಗುರುತಿಸಬಲ್ಲದು ಎಂದು ಒಮ್ಮೆ ಹೇಳುತ್ತಿದ್ದಾಗ, ಮಾನ್ವಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. "ಸರ್, ಅಷ್ಟು ಚೆನ್ನಾಗಿ ತಿಳಿಯುವುದಾದರೆ ಡಾಲ್ಫಿನ್‌ಗಳು ಮೀನುಗಾರರ ಬಲೆಗೆ ಸಿಕ್ಕು ಸಾಯುತ್ತವೆ ಎಂದು ಪತ್ರಿಕೆಯಲ್ಲಿ ಬರುವುದು ಹೇಗೆ? ಬಲೆ ಅದಕ್ಕೆ ತಿಳಿಯುವುದಿಲ್ಲವೇ?" ಎಂದಳು.

ನನ್ನಲ್ಲಿ ತಕ್ಷಣದ ಉತ್ತರವಿರಲಿಲ್ಲ. ಉತ್ತರದ ಮೊದಲ ಎಳೆ ಸಿಕ್ಕಿದ್ದು ದೇವದುರ್ಗ ತಾಲ್ಲೂಕಿನ ಕೃಷ್ಣಾ ದಂಡೆಯಲ್ಲಿ. ಹರಿಗೋಲಿನಲ್ಲಿ ಹೋಗಿ ನೈಲಾನ್ ಬಲೆ ಬಿಡುವ ಹಿರಿಯರೊಬ್ಬರನ್ನು, ಅವರು ಇಷ್ಟು ತೆಳ್ಳನೆಯ ನೂಲನ್ನೇ ಆರಿಸುವುದೇಕೆಂದು ಕೇಳಿದೆ. "ನೀರಾಗ ಬಲಿ ಕಾಣಬಾರ್ದ್ರಿ ಸರ. ಕಂಡ್ರ ಮೀನ್ ಯಾಕ ಬರ್ತಾವ್ರಿ?" ಎಂದರು. ಮೀನಿಗೆ ಕಾಣದ ಬಲೆ ಡಾಲ್ಫಿನ್‌ಗೆ ಕೇಳಿಸುವುದೇ? ಈ ಪ್ರಶ್ನೆಯ ಹಿಂದೆ ಎರಡು ಚರಿತ್ರೆಗಳಿವೆ. ಒಂದು, ನಮ್ಮ ಕಡಲ ಡಾಲ್ಫಿನ್‌ಗೆ ವಿಜ್ಞಾನದಲ್ಲಿ ಹೆಸರು ದೊರೆತ ಚರಿತ್ರೆ. ಇನ್ನೊಂದು, ಅದರ ಶ್ರವಣಶಕ್ತಿಯನ್ನು ಮನುಷ್ಯ ಕಂಡುಕೊಂಡ ಚರಿತ್ರೆ. ಎರಡನ್ನೂ ನೋಡೋಣ.

ಮೀನಲ್ಲದ ಮೀನು

ರಾಯಚೂರಿನಿಂದ ಕಾರವಾರದ ಕಡಲಿಗೆ ರಸ್ತೆಯಲ್ಲಿ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ. ನಮ್ಮ ಬಹುತೇಕ ಮಕ್ಕಳಿಗೆ ಡಾಲ್ಫಿನ್ ಎಂದರೆ ದೂರದರ್ಶನದಲ್ಲಿ ಚೆಂಡಾಡುವ ಅಮೆರಿಕದ 'ಬಾಟಲ್‌ಮೂತಿ' ಡಾಲ್ಫಿನ್. ಉತ್ತರಪತ್ರಿಕೆಗಳಲ್ಲಿ ಇಂದಿಗೂ 'ಡಾಲ್ಫಿನ್ ಮೀನು' ಎಂಬ ಪದ ಕಾಣಸಿಗುತ್ತದೆ. ಈ ತಪ್ಪಿಗೆ ದೀರ್ಘ ಇತಿಹಾಸವಿದೆ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲೇ ಗ್ರೀಸಿನ ಅರಿಸ್ಟಾಟಲ್, ಡಾಲ್ಫಿನ್ ಶ್ವಾಸಕೋಶಗಳಿಂದ ಉಸಿರಾಡುತ್ತದೆ, ಮರಿ ಹಾಕಿ ಹಾಲೂಡಿಸುತ್ತದೆ ಎಂದು ಬರೆದಿದ್ದ. ಆದರೂ ಅದು ಬಹುಕಾಲ ಮೀನುಗಳ ಪಟ್ಟಿಯಲ್ಲೇ ಉಳಿಯಿತು. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1758ರಲ್ಲಿ ತನ್ನ ವರ್ಗೀಕರಣ ಗ್ರಂಥದ 10ನೆಯ ಆವೃತ್ತಿಯನ್ನು ಹೊರತಂದಾಗ ಮಾತ್ರ ತಿಮಿಂಗಿಲ ಮತ್ತು ಡಾಲ್ಫಿನ್‌ಗಳು ಸಸ್ತನಿಗಳ ವರ್ಗಕ್ಕೆ ಸೇರಿದವು. ಕನ್ನಡದಲ್ಲಿ 'ಕಡಲಹಂದಿ' ಎಂಬ ಪದವೂ ಇದೆ. ಈ ಹೆಸರನ್ನಿಟ್ಟವರು ಅದನ್ನು ಮೀನೆನ್ನದೆ ನೆಲದ ಸಸ್ತನಿಯೊಂದಕ್ಕೆ ಹೋಲಿಸಿದ್ದು ಗಮನಾರ್ಹ.

ಇದು ಬರಿಯ ವರ್ಗೀಕರಣದ ಮಾತಲ್ಲ. ಮೀನು ಬಲೆಗೆ ಸಿಕ್ಕರೂ ನೀರಿನಲ್ಲಿ ಉಸಿರಾಡುತ್ತಿರುತ್ತದೆ. ಡಾಲ್ಫಿನ್ ಹಾಗಲ್ಲ. ಕೆಲವು ನಿಮಿಷಗಳಲ್ಲಿ ಅದು ನೀರಿನ ಮೇಲೆ ಬಂದು, ತಲೆಯ ಮೇಲಿನ ಉಸಿರುರಂಧ್ರದಿಂದ ಗಾಳಿ ಎಳೆದುಕೊಳ್ಳಲೇಬೇಕು. ಮೇಲೆ ಬರಲಾಗದಂತೆ ಬಲೆ ಹಿಡಿದಿಟ್ಟರೆ ಕಡಲಿನಲ್ಲೇ ಹುಟ್ಟಿ ಬೆಳೆದ ಪ್ರಾಣಿ ಕಡಲಿನಲ್ಲೇ ಉಸಿರುಕಟ್ಟಿ ಸಾಯುತ್ತದೆ.

ಮಲಬಾರಿನಿಂದ ಪ್ಯಾರಿಸ್‌ಗೆ

ಕರ್ನಾಟಕದ ಕರಾವಳಿಯಲ್ಲಿ, ದಡಕ್ಕೆ ತೀರ ಹತ್ತಿರದಲ್ಲಿ ಕಾಣಸಿಗುವ ಡಾಲ್ಫಿನ್‌ಗೆ ಬೆನ್ನಿನ ಮೇಲೆ ಉದ್ದನೆಯ ದಿಣ್ಣೆಯೊಂದಿದ್ದು, ಅದರ ತುದಿಯಲ್ಲಿ ಚಿಕ್ಕ ಈಜುರೆಕ್ಕೆ ಇರುತ್ತದೆ. ಇದನ್ನು ಗೂನುಬೆನ್ನಿನ ಡಾಲ್ಫಿನ್ ಎನ್ನಬಹುದು. ವೈಜ್ಞಾನಿಕ ಹೆಸರು ಸೂಸಾ ಪ್ಲಂಬಿಯಾ. ಈ ಹೆಸರಿನ ಮೂಲ ನಮ್ಮ ಪಶ್ಚಿಮ ಕರಾವಳಿಯಲ್ಲೇ ಇದೆ.

19ನೆಯ ಶತಮಾನದ ಆರಂಭದಲ್ಲಿ ಝಾನ್ ಝಾಕ್ ದ್ಯುಸುಮಿಯೇ ಎಂಬ ಫ್ರೆಂಚ್ ವರ್ತಕ ವ್ಯಾಪಾರದ ಹಡಗಿನಲ್ಲಿ ಹಿಂದೂ ಮಹಾಸಾಗರದ ಬಂದರುಗಳನ್ನು ಸುತ್ತುತ್ತಿದ್ದ. ಸಿಕ್ಕ ಪ್ರಾಣಿಗಳ ಮಾದರಿಗಳನ್ನು ಪ್ಯಾರಿಸ್‌ನ ನಿಸರ್ಗ ಇತಿಹಾಸ ಸಂಗ್ರಹಾಲಯಕ್ಕೆ ಒಪ್ಪಿಸುವುದು ಅವನ ಹವ್ಯಾಸ. ಮಲಬಾರ್ ಕರಾವಳಿಯಿಂದ ಅವನು ಒಯ್ದ ಡಾಲ್ಫಿನ್ ಮಾದರಿಯ ಆಧಾರದ ಮೇಲೆ ಪ್ರಖ್ಯಾತ ಪ್ರಾಣಿವಿಜ್ಞಾನಿ ಜಾರ್ಜ್ ಕುವಿಯೇ 1829ರಲ್ಲಿ ಹೊಸ ಪ್ರಭೇದವನ್ನು ಹೆಸರಿಸಿದ. ಲ್ಯಾಟಿನ್ ಭಾಷೆಯಲ್ಲಿ 'ಪ್ಲಂಬಮ್' ಎಂದರೆ ಸೀಸ. ಸೀಸದ ಬಣ್ಣದ್ದು ಎಂಬ ಅರ್ಥದಲ್ಲಿ 'ಪ್ಲಂಬಿಯಸ್' ಎಂದು ಕರೆದ. ಸೀಸಕ್ಕೆ ನಾವು ಬಳಸುವ ಪಿಬಿ ಎಂಬ ರಾಸಾಯನಿಕ ಸಂಕೇತ ಬಂದಿರುವುದೂ ಇದೇ ಪದದಿಂದ.

ಅದಕ್ಕೂ ಮೊದಲು, 1765ರಲ್ಲಿ, ಚೀನಾದ ಕ್ಯಾಂಟನ್ ನದಿಯಲ್ಲಿ ಕಂಡ ಬಿಳಿಯ ಡಾಲ್ಫಿನ್‌ಗೆ ಪೆಹ್ರ್ ಓಸ್ಬೆಕ್ 'ಚೈನೆನ್ಸಿಸ್' ಎಂದು ಹೆಸರಿಟ್ಟಿದ್ದ. ಚೀನಾದ ಬಿಳಿ ಡಾಲ್ಫಿನ್ ಮತ್ತು ನಮ್ಮ ಸೀಸವರ್ಣದ ಡಾಲ್ಫಿನ್ ಒಂದೇ ಪ್ರಭೇದವೇ, ಎರಡೇ? ಈ ವಿವಾದ ಸುಮಾರು ಎರಡು ಶತಮಾನ ನಡೆಯಿತು. ಇದಕ್ಕೆ ಇನ್ನಷ್ಟು ಸಾಮಗ್ರಿ ಒದಗಿಸಿದವನು ಕನ್ನಡ ನಾಡಿನ ಚರಿತ್ರೆ ಓದಿದವರಿಗೆ ಪರಿಚಿತನಾದ ಒಬ್ಬ ಅಧಿಕಾರಿ.

ಧಾರವಾಡದಿಂದ ವಿಶಾಖಪಟ್ಟಣಕ್ಕೆ

1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಮೇಲೆ ನಡೆದ ಮೊದಲ ದಾಳಿಯಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತದ್ದು ಎಲ್ಲರಿಗೂ ಗೊತ್ತು. ಆಗ ರಾಣಿ ಚೆನ್ನಮ್ಮನ ಸೈನ್ಯಕ್ಕೆ ಸೆರೆಸಿಕ್ಕು, ಕೆಲವು ವಾರಗಳ ನಂತರ ಜೀವಂತ ಬಿಡುಗಡೆಯಾದ ಇಬ್ಬರು ಯುವ ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಧಾರವಾಡ ಭಾಗದಲ್ಲಿ 1833ರವರೆಗೆ ಕೆಲಸ ಮಾಡಿದ ಈತ ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿದ. ಕಾಡುಮೇಡು ಅಲೆದು ಪ್ರಾಣಿಗಳನ್ನೂ ಸಂಗ್ರಹಿಸಿದ. 1839ರಲ್ಲಿ ಮದರಾಸಿನ ವಿದ್ವತ್ ಪತ್ರಿಕೆಯೊಂದರಲ್ಲಿ ಈ ಭಾಗದ ಸಸ್ತನಿಗಳ ಪಟ್ಟಿಯನ್ನು ಪ್ರಕಟಿಸಿದ. ಅದರ ಹೆಚ್ಚುಗಾರಿಕೆಯೆಂದರೆ, ಪ್ರಾಣಿಗಳಿಗೆ ಜನರು ಇಟ್ಟ ಕನ್ನಡ ಹೆಸರುಗಳನ್ನೂ ದಾಖಲಿಸಿದ್ದು. ಅವನು ಕಳುಹಿಸಿದ ಪೊದೆಯಿಲಿಯೊಂದಕ್ಕೆ 'ಗುಲಂದಿ' ಎಂಬ ಸ್ಥಳೀಯ ಹೆಸರಿನಿಂದಲೇ 'ಗೊಲುಂಡಾ' ಎಂಬ ಜಾತಿನಾಮ ಬಂತು. ಅದು ಇಂದಿಗೂ ಬಳಕೆಯಲ್ಲಿದೆ.

1845ರಿಂದ 1854ರವರೆಗೆ ಎಲಿಯಟ್ ಪೂರ್ವ ಕರಾವಳಿಯ ಉತ್ತರ ಸರ್ಕಾರಗಳ ಕಮಿಷನರ್ ಆಗಿದ್ದ. ಅಲ್ಲಿಯೂ ಅದೇ ಅಭ್ಯಾಸ ಮುಂದುವರಿಯಿತು. ವಿಶಾಖಪಟ್ಟಣದ ಬೆಸ್ತರು ತಂದುಕೊಟ್ಟ ಡಾಲ್ಫಿನ್ ಮತ್ತು ಚಿಕ್ಕ ತಿಮಿಂಗಿಲಗಳ ತಲೆಬುರುಡೆಗಳನ್ನು ಕಾಯ್ದಿರಿಸಿ, ಚಿತ್ರ ಬರೆಸಿ, ಟಿಪ್ಪಣಿಯೊಡನೆ ಲಂಡನ್ನಿಗೆ ಕಳುಹಿಸಿದ. ಅವುಗಳನ್ನು ಪರೀಕ್ಷಿಸಿದ ರಿಚರ್ಡ್ ಓವನ್ 1866ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದ. ಇಂದು ನಾವು ಇರಾವಡಿ ಡಾಲ್ಫಿನ್ ಎಂದು ಕರೆಯುವ, ಒಡಿಶಾದ ಚಿಲಿಕಾ ಸರೋವರದಲ್ಲಿ ಪ್ರಸಿದ್ಧವಾಗಿರುವ ಪ್ರಭೇದಕ್ಕೆ ವೈಜ್ಞಾನಿಕ ಹೆಸರು ಬಂದದ್ದು 1852ರಲ್ಲಿ ವಿಶಾಖಪಟ್ಟಣದ ಬಂದರಿನಲ್ಲಿ ಸಿಕ್ಕ ಈ ಮಾದರಿಯಿಂದ. ಕುಬ್ಜ ಸ್ಪರ್ಮ್ ತಿಮಿಂಗಿಲದ ಹೆಸರಿನ ಮೂಲವೂ ಅಲ್ಲಿಯದೇ. ಗೂನುಬೆನ್ನಿನ ಡಾಲ್ಫಿನ್‌ನ ಮಾದರಿಗೆ ಮೈಮೇಲಿನ ಚುಕ್ಕೆಗಳ ಕಾರಣದಿಂದ ಓವನ್ 'ಲೆಂಟಿಜಿನೋಸಸ್' ಎಂದು ಹೆಸರಿಟ್ಟ. ಇನ್ನೊಂದಕ್ಕೆ ಬೆಸ್ತರ ಮಾತನ್ನೇ ಎತ್ತಿಕೊಂಡು 'ಗಡಮು' ಎಂದ. ಮುಂದೆ ಈ ಗಡಮು ಬೇರೊಂದು ಹೆಸರಿನಡಿ ಸೇರಿಹೋಯಿತು.

ಈ ಗೊಂದಲ ಬಹುಮಟ್ಟಿಗೆ ತಿಳಿಯಾದದ್ದು 2014ರಲ್ಲಿ. ಥಾಮಸ್ ಜೆಫರ್ಸನ್ ಮತ್ತು ಹೊವಾರ್ಡ್ ರೋಸೆನ್‌ಬಾಮ್ ಎಂಬ ವಿಜ್ಞಾನಿಗಳು ಅಸ್ಥಿಗಳು, ಬಣ್ಣ, ದೇಹರಚನೆ ಮತ್ತು ಆನುವಂಶಿಕ ಮಾಹಿತಿಗಳನ್ನು ಒಟ್ಟಿಗೆ ತೂಗಿ, ಸೂಸಾ ಕುಲದಲ್ಲಿ ನಾಲ್ಕು ಪ್ರಭೇದಗಳಿವೆ ಎಂದು ತೀರ್ಮಾನಿಸಿದರು. ಪಶ್ಚಿಮ ಆಫ್ರಿಕಾದ್ದು ಒಂದು, ಆಸ್ಟ್ರೇಲಿಯಾದ್ದು ಒಂದು, ಚೀನಾ ಮತ್ತು ಆಗ್ನೇಯ ಏಷ್ಯಾದ್ದು ಒಂದು, ದಕ್ಷಿಣ ಆಫ್ರಿಕಾದಿಂದ ಭಾರತದವರೆಗಿನದು ಒಂದು. 1829ರ ಹೆಸರು ಮತ್ತೆ ಮಾನ್ಯತೆ ಪಡೆಯಿತು. ಬಂಗಾಳ ಕೊಲ್ಲಿಯ ಕಡೆಯ ಗೂನುಬೆನ್ನಿನ ಡಾಲ್ಫಿನ್‌ಗಳ ಸ್ಥಾನ ಮಾತ್ರ ಇನ್ನೂ ಚರ್ಚೆಯಲ್ಲಿದೆ.

ಹೆಸರಿನಿಂದ ಏನಾಗುತ್ತದೆ ಎಂದು ಕೇಳಬಹುದು. ಚೀನಾದಿಂದ ಆಫ್ರಿಕಾದವರೆಗೆ ಎಲ್ಲವೂ ಒಂದೇ ಪ್ರಭೇದವಾಗಿದ್ದಾಗ ಲೆಕ್ಕವೂ ಒಂದೇ ಆಗಿತ್ತು. ಪ್ರತ್ಯೇಕವಾಗಿ ನೋಡಿದಾಗ ನಮ್ಮ ಪ್ರಭೇದದ ಸ್ಥಿತಿ ಸ್ಪಷ್ಟವಾಯಿತು. 2017ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿ ಅದನ್ನು 'ಅಪಾಯಕ್ಕೊಳಗಾದ' ಪ್ರಭೇದವೆಂದು ದಾಖಲಿಸಿತು. ಮುಖ್ಯ ಕಾರಣಗಳಲ್ಲಿ ಮೊದಲನೆಯದು ಮೀನುಬಲೆ.

ದಡ ಬಿಡದ ಪ್ರಾಣಿ

ಈ ಡಾಲ್ಫಿನ್‌ನ ಸ್ವಭಾವವೇ ಅದಕ್ಕೆ ಮುಳುವಾಗಿದೆ. ಪೂರ್ಣ ಬೆಳೆದದ್ದು ಸುಮಾರು 2.5ರಿಂದ 2.8 ಮೀಟರ್ ಉದ್ದ, ಇನ್ನೂರು ಕಿಲೋಗ್ರಾಂ ಮೀರಿದ ತೂಕ. ಗಂಡು ಹೆಣ್ಣಿಗಿಂತ ದೊಡ್ಡದು. ಇದು ಆಳ ಕಡಲಿಗೆ ಹೋಗುವುದು ಅಪರೂಪ. ಸಾಮಾನ್ಯವಾಗಿ 25 ಮೀಟರಿಗಿಂತ ಕಡಿಮೆ ಆಳದ ನೀರಿನಲ್ಲಿ, ದಡದಿಂದ ಕೆಲವೇ ಕಿಲೋಮೀಟರಿನೊಳಗೆ, ಅಳಿವೆಗಳ ಬಾಯಲ್ಲಿ ತಿರುಗುತ್ತದೆ. ಕಾಳಿ ನದಿ ಸೇರುವ ಕಾರವಾರದ ಕಡಲು ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ದು ತೋರಿಸುವುದೂ ಇದನ್ನೇ.

ಗುಂಪುಗಳು ಚಿಕ್ಕವು. ಹೆಚ್ಚಾಗಿ ಹತ್ತಕ್ಕಿಂತ ಕಡಿಮೆ. ಉಸಿರಿಗೆ ಮೇಲೆ ಬರುವಾಗ ಮೊದಲು ಉದ್ದನೆಯ ಮೂತಿ ಕಾಣಿಸುತ್ತದೆ, ಆಮೇಲೆ ಬೆನ್ನು ಬಿಲ್ಲಿನಂತೆ ಬಾಗಿ ದಿಣ್ಣೆ ಹೊರಬರುತ್ತದೆ. ಅಳಿವೆಯ ಮತ್ತು ಕರಾವಳಿಯ ಮೀನುಗಳೇ ಆಹಾರ. ಅಂದರೆ ಮೀನುಗಾರರೂ ಡಾಲ್ಫಿನ್‌ಗಳೂ ಒಂದೇ ಮೀನನ್ನು, ಒಂದೇ ಜಾಗದಲ್ಲಿ ಹುಡುಕುತ್ತಾರೆ.

ಸಂತಾನದ ವೇಗವೂ ನಿಧಾನ. ಹೆಣ್ಣು ಮರಿ ಹಾಕುವ ವಯಸ್ಸಿಗೆ ಬರಲು ಹತ್ತು ವರ್ಷ ಬೇಕು. ಗರ್ಭಧಾರಣೆಯ ಅವಧಿ 10ರಿಂದ 12 ತಿಂಗಳು. ಒಂದು ಸಲಕ್ಕೆ ಒಂದೇ ಮರಿ. ಹುಟ್ಟಿದಾಗ ಅದರ ಉದ್ದ ಸುಮಾರು ಒಂದು ಮೀಟರ್. ಇನ್ನೊಂದು ಮರಿಗೆ ಸಾಮಾನ್ಯವಾಗಿ ಮೂರು ವರ್ಷ ಕಾಯಬೇಕು. ಹೀಗಿರುವಾಗ ಒಂದು ಚಿಕ್ಕ ಗುಂಪಿನಲ್ಲಿ ವರ್ಷಕ್ಕೆ ಒಂದು ಹೆಣ್ಣು ಬಲೆಗೆ ಬಿದ್ದರೂ ಆ ನಷ್ಟ ತುಂಬಿಬರುವುದಿಲ್ಲ.

ಶಬ್ದದಿಂದ ನೋಡುವ ವಿದ್ಯೆ

ಇನ್ನು ಎರಡನೆಯ ಚರಿತ್ರೆ. ನೀರಿನಲ್ಲಿ ಶಬ್ದದ ವೇಗವನ್ನು ಮೊದಲು ಚೆನ್ನಾಗಿ ಅಳೆದದ್ದು 1826ರಲ್ಲಿ, ಜಿನೀವಾ ಸರೋವರದಲ್ಲಿ. ಡೇನಿಯಲ್ ಕೊಲಾಡೋನ್ ಒಂದು ದೋಣಿಯಲ್ಲಿ ನೀರಿನೊಳಗೆ ಕೊಳವೆ ಇಳಿಸಿ ಕಿವಿಯಿಟ್ಟು ಕುಳಿತ. ಹದಿಮೂರು ಕಿಲೋಮೀಟರಿಗೂ ಹೆಚ್ಚು ದೂರದ ಇನ್ನೊಂದು ದೋಣಿಯಿಂದ ನೀರಿನೊಳಗಿನ ಗಂಟೆ ಬಾರಿಸಿದಾಗಲೇ ಮದ್ದು ಹೊತ್ತಿ ಬೆಳಕು ಕಾಣುವಂತೆ ಏರ್ಪಾಟಾಗಿತ್ತು. ಬೆಳಕು ಮತ್ತು ಶಬ್ದದ ನಡುವಿನ ಅಂತರದಿಂದ ದೊರೆತ ವೇಗ ಸೆಕೆಂಡಿಗೆ 1435 ಮೀಟರ್. ಬೆಚ್ಚಗಿನ ಕಡಲನೀರಿನಲ್ಲಿ ಇದು 1500 ಮೀಟರನ್ನು ದಾಟುತ್ತದೆ. ಗಾಳಿಯಲ್ಲಿನ ವೇಗದ ನಾಲ್ಕು ಪಟ್ಟಿಗೂ ಹೆಚ್ಚು. ಪ್ರತಿಧ್ವನಿಯಿಂದ ನೀರಿನೊಳಗಿನ ವಸ್ತುವನ್ನು ಪತ್ತೆಹಚ್ಚುವ ಸಾಧನವನ್ನು ಫ್ರಾನ್ಸಿನ ಭೌತವಿಜ್ಞಾನಿ ಪಾಲ್ ಲಾಂಜೆವೇ ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಬೆಣಚುಕಲ್ಲಿನ ಹರಳಿನಿಂದ ಶ್ರವಣಾತೀತ ತರಂಗಗಳನ್ನು ಹೊರಡಿಸಿ ರೂಪಿಸಿದ. ಮುಂದೆ ಅದು ಸೋನಾರ್ ಎನಿಸಿತು.

ಪ್ರಾಣಿಗಳಲ್ಲಿ ಇಂಥ ವಿದ್ಯೆಯ ಸುಳಿವು ಇನ್ನೂ ಹಳೆಯದು. ಇಟಲಿಯ ಸ್ಪಲ್ಲಂಜಾನಿ 1790ರ ದಶಕದಲ್ಲೇ, ಕಣ್ಣು ಕಾಣದ ಬಾವಲಿ ಸಲೀಸಾಗಿ ಹಾರಬಲ್ಲದು, ಕಿವಿ ಮುಚ್ಚಿದರೆ ತಡವರಿಸುತ್ತದೆ ಎಂದು ತೋರಿಸಿದ್ದ. ಕಾರಣ ತಿಳಿದದ್ದು 1938ರ ನಂತರ. ಆ ವರ್ಷ ವಿದ್ಯಾರ್ಥಿಯಾಗಿದ್ದ ಡೊನಾಲ್ಡ್ ಗ್ರಿಫಿನ್, ಹಾರ್ವರ್ಡಿನ ಭೌತವಿಜ್ಞಾನಿ ಪಿಯರ್ಸ್ ಅವರ ಶ್ರವಣಾತೀತ ಧ್ವನಿ ಪತ್ತೆಯಂತ್ರದ ಮುಂದೆ ಬಾವಲಿಗಳನ್ನು ಹಿಡಿದ. ಮೂಕವೆನಿಸಿದ್ದ ಬಾವಲಿ ಯಂತ್ರದಲ್ಲಿ ಗದ್ದಲವೆಬ್ಬಿಸಿತು.

ಡಾಲ್ಫಿನ್‌ನ ವಿಷಯದಲ್ಲಿ ಮೊದಲ ಸುಳಿವು ಕೊಟ್ಟದ್ದೇ ಬಲೆ. ಅಮೆರಿಕದ ಫ್ಲಾರಿಡಾದಲ್ಲಿ ಕಡಲಜೀವಿಗಳ ಪ್ರದರ್ಶನಾಲಯವೊಂದರ ಮೇಲ್ವಿಚಾರಕನಾಗಿದ್ದ ಆರ್ಥರ್ ಮ್ಯಾಕ್‌ಬ್ರೈಡ್ 1947ರಲ್ಲಿ ತನ್ನ ಟಿಪ್ಪಣಿಪುಸ್ತಕದಲ್ಲಿ ಒಂದು ವಿಚಿತ್ರವನ್ನು ಬರೆದಿಟ್ಟ. ರಾತ್ರಿ, ಕದಡಿದ ನೀರಿನಲ್ಲಿ, ಚಿಕ್ಕ ಕಣ್ಣಿನ ಬಲೆ ಹಾಕಿದರೆ ಡಾಲ್ಫಿನ್‌ಗಳು ದೂರದಿಂದಲೇ ತಪ್ಪಿಸಿಕೊಳ್ಳುತ್ತಿದ್ದವು. ಬಲೆಯ ತೇಲುಬಿರಡೆಗಳು ನೀರಿನಲ್ಲಿ ಮುಳುಗಿದ ಜಾಗವನ್ನೇ ಹುಡುಕಿ ಅಲ್ಲಿಂದ ದಾಟಿಹೋಗುತ್ತಿದ್ದವು. ಅದೇ ಸುಮಾರು 10 ಅಂಗುಲ ಕಣ್ಣಿನ ಬಲೆ ಹಾಕಿದರೆ ಬಂದು ಸಿಕ್ಕಿಬೀಳುತ್ತಿದ್ದವು. ಇದು ಬಾವಲಿಯ ವಿದ್ಯೆಯನ್ನು ನೆನಪಿಸುತ್ತದೆ ಎಂದು ಮ್ಯಾಕ್‌ಬ್ರೈಡ್ ಸೂಚಿಸಿದ. ಅವನು ತೀರಿಕೊಂಡ ಕೆಲವು ವರ್ಷಗಳ ನಂತರ, 1956ರಲ್ಲಿ, ವಿಲಿಯಂ ಶೆವಿಲ್ ಆ ಟಿಪ್ಪಣಿಯನ್ನು ಪ್ರಕಟಿಸಿದ.

ಶೆವಿಲ್ ಮತ್ತು ಬಾರ್ಬರಾ ಲಾರೆನ್ಸ್ 1949ರಲ್ಲಿ ಕೆನಡಾದ ಸಾಗೆನೇ ನದಿಯಲ್ಲಿ ಬೆಲೂಗಾ ತಿಮಿಂಗಿಲಗಳ ಧ್ವನಿಯನ್ನು ದಾಖಲಿಸಿದ್ದರು. ನಿರ್ಣಾಯಕ ಪ್ರಯೋಗ ನಡೆದದ್ದು 1960ರ ಸುಮಾರಿಗೆ. ಕೆನೆತ್ ನಾರಿಸ್ ಮತ್ತು ಸಂಗಡಿಗರು ಒಂದು ಡಾಲ್ಫಿನ್‌ನ ಕಣ್ಣುಗಳಿಗೆ ರಬ್ಬರಿನ ಬಟ್ಟಲುಗಳನ್ನು ಅಂಟಿಸಿದರು. ಅದು ತೂಗುಬಿಟ್ಟ ಕೊಳವೆಗಳ ನಡುವೆ ಯಾವುದಕ್ಕೂ ತಾಗದೆ ಈಜಿತು. ಮೂಗಿನ ನಾಳದಲ್ಲಿ ಹುಟ್ಟುವ ಚಿಟಿಕೆಯಂಥ ಧ್ವನಿಯನ್ನು ಹಣೆಯ ಕೊಬ್ಬಿನ ಗಡ್ಡೆ ಮಸೂರದಂತೆ ಒಂದೆಡೆಗೆ ಕೇಂದ್ರೀಕರಿಸುತ್ತದೆ. ಹಿಂದಿರುಗಿದ ಪ್ರತಿಧ್ವನಿ ಕೆಳದವಡೆಯಲ್ಲಿನ ಕೊಬ್ಬಿನ ಮೂಲಕ ಒಳಕಿವಿಗೆ ಸೇರುತ್ತದೆ. ಕೆಳದವಡೆಯ ಈ ಪಾತ್ರವನ್ನು ಮೊದಲು ಸೂಚಿಸಿದವನೂ ನಾರಿಸ್. ವಿಟ್ಲೋ ಔ ಮತ್ತು ಸ್ನೈಡರ್ 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 7.62 ಸೆಂಟಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಬಾಟಲ್‌ಮೂತಿ ಡಾಲ್ಫಿನ್ 113 ಮೀಟರ್ ದೂರದಿಂದ ಗುರುತಿಸಿತು. ನನ್ನ ತರಗತಿಯಲ್ಲಿ ಪ್ರಶ್ನೆ ಎದ್ದದ್ದು ಈ ಸಂಖ್ಯೆಯಿಂದಲೇ.

ಬಲೆಯ ಲೆಕ್ಕ

ಉಕ್ಕಿನ ಗುಂಡು ಕೇಳಿಸುತ್ತದೆ, ಬಲೆ ಏಕೆ ಕೇಳಿಸದು? ಪ್ರೌಢಶಾಲೆಯ ಗಣಿತವೇ ಇದಕ್ಕೆ ಸಾಕು.

ಶಬ್ದ ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ತಾಗಿದಾಗ ಎಷ್ಟು ಭಾಗ ಹಿಂದಿರುಗುತ್ತದೆ ಎಂಬುದು ಆ ಮಾಧ್ಯಮಗಳ ಸಾಂದ್ರತೆ ಮತ್ತು ಶಬ್ದವೇಗಗಳ ಗುಣಲಬ್ಧವನ್ನು ಅವಲಂಬಿಸಿದೆ. ಈ ಗುಣಲಬ್ಧಕ್ಕೆ ಧ್ವನಿ ಪ್ರತಿಬಾಧೆ ಎನ್ನೋಣ. ನೀರಿಗೆ ಇದನ್ನು 1.5 ಎಂದು ಇಟ್ಟುಕೊಂಡರೆ ಅದೇ ಮಾನದಲ್ಲಿ ಉಕ್ಕಿಗೆ ಸುಮಾರು 46, ನೈಲಾನ್‌ಗೆ ಸುಮಾರು 3. ಎರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ ವರ್ಗಮಾಡಿದರೆ ಹಿಂದಿರುಗುವ ಶಕ್ತಿಯ ಪಾಲು ದೊರೆಯುತ್ತದೆ. ಚಪ್ಪಟೆಯಾದ ದಪ್ಪ ಉಕ್ಕಿನ ಮೇಲ್ಮೈಯಿಂದ ಶೇಕಡ 88ರಷ್ಟು ಹಿಂದಿರುಗಿದರೆ, ಅಂಥದೇ ನೈಲಾನ್ ಮೇಲ್ಮೈಯಿಂದ ಶೇಕಡ 11 ಮಾತ್ರ. ಕೃಷ್ಣಾ ದಂಡೆಯ ಹಿರಿಯರು ಬೆಳಕಿನ ಬಗ್ಗೆ ಹೇಳಿದ ಮಾತು ಶಬ್ದಕ್ಕೂ ಅನ್ವಯಿಸುತ್ತದೆ. ನೀರಿಗೆ ಹತ್ತಿರವಾದ ಗುಣವುಳ್ಳದ್ದು ನೀರಿನಲ್ಲಿ ಅಡಗುತ್ತದೆ.

ಆದರೆ ಬಲೆ ಚಪ್ಪಟೆ ಹಲಗೆಯಲ್ಲ, ಎಳೆಗಳ ಜಾಲ. ಡಾಲ್ಫಿನ್‌ನ ಧ್ವನಿಯ ಆವೃತ್ತಿ 120 ಕಿಲೋಹರ್ಟ್ಸ್ ಎಂದುಕೊಂಡರೆ ನೀರಿನಲ್ಲಿ ಅದರ ತರಂಗದೂರ ಸುಮಾರು 12.5 ಮಿಲಿಮೀಟರ್. ಎಳೆಯ ದಪ್ಪವೋ ಅರ್ಧ ಮಿಲಿಮೀಟರಿನ ಆಸುಪಾಸು. ತರಂಗದೂರಕ್ಕಿಂತ ಬಹಳ ತೆಳುವಾದ ಎಳೆ ಶಬ್ದವನ್ನು ಕನ್ನಡಿಯಂತೆ ಪ್ರತಿಫಲಿಸದು. ಸ್ವಲ್ಪವೇ ಚದುರಿಸುತ್ತದೆ. ಹೀಗೆ ಚದುರುವ ಶಕ್ತಿ ಎಳೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ತ್ರಿಜ್ಯ ಅರ್ಧವಾದರೆ ಪ್ರತಿಧ್ವನಿ ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನೈಲಾನ್ ಮಾರುಕಟ್ಟೆಗೆ ಬರುವ ಮೊದಲು ಬಲೆಗಳು ಹತ್ತಿ, ಸೆಣಬುಗಳ ಹುರಿಯವು. ಹೆಚ್ಚು ಬಲವುಳ್ಳ ನೈಲಾನ್ ಬಂದ ಮೇಲೆ ಅಷ್ಟೇ ಭಾರ ತಡೆಯಲು ತೆಳ್ಳನೆಯ ಎಳೆ ಸಾಕಾಯಿತು. ಬಲೆ ತೆಳುವಾದಂತೆ ಡಾಲ್ಫಿನ್‌ಗೆ ಅದು ಮರೆಯಾಗುತ್ತ ಬಂತು. ಮ್ಯಾಕ್‌ಬ್ರೈಡ್ ಕಂಡದ್ದಕ್ಕೂ ಇದೇ ತರ್ಕ ಹೊಂದುತ್ತದೆ. ಚಿಕ್ಕ ಕಣ್ಣಿನ ಬಲೆಯಲ್ಲಿ ಎಳೆಗಳೂ ಗಂಟುಗಳೂ ದಟ್ಟ, ಪ್ರತಿಧ್ವನಿ ಗೋಡೆಯಂತೆ ಬರುತ್ತದೆ. ದೊಡ್ಡ ಕಣ್ಣಿನದು ತೆರೆದ ಬಾಗಿಲಿನಂತೆ ತೋರುತ್ತದೆ.

ಇಲ್ಲೊಂದು ಕ್ರೂರ ವಿಪರ್ಯಾಸವೂ ಇದೆ. ಹಲವು ಮೀನುಗಳ ದೇಹದಲ್ಲಿ ಗಾಳಿಚೀಲವಿರುತ್ತದೆ. ನೀರಿಗೂ ಗಾಳಿಗೂ ಪ್ರತಿಬಾಧೆಯಲ್ಲಿ ಸಾವಿರಾರು ಪಟ್ಟು ಅಂತರವಿರುವುದರಿಂದ ಗಾಳಿಚೀಲದ ಪ್ರತಿಧ್ವನಿ ಬಹಳ ಜೋರು. ಬಲೆಯಲ್ಲಿ ಸಿಕ್ಕ ಮೀನು ಡಾಲ್ಫಿನ್‌ಗೆ ಸ್ಪಷ್ಟವಾಗಿ ಕೇಳಿಸುತ್ತದೆ, ಅದನ್ನು ಹಿಡಿದ ಬಲೆ ಕೇಳಿಸುವುದಿಲ್ಲ. ಲೆಕ್ಕಕ್ಕಾಗಿ, ಬಲೆ ಐದು ಮೀಟರ್ ದೂರದಲ್ಲಿ ಗೊತ್ತಾಯಿತು ಎಂದುಕೊಳ್ಳಿ. ಸೆಕೆಂಡಿಗೆ ಮೂರು ಮೀಟರ್ ವೇಗದಲ್ಲಿ ಬೇಟೆಯ ಹಿಂದೆ ಹೋಗುತ್ತಿರುವ ಡಾಲ್ಫಿನ್‌ಗೆ ತಿರುಗಲು ಎರಡು ಸೆಕೆಂಡಿಗಿಂತ ಕಡಿಮೆ ಸಮಯವಿದೆ. ಜೊತೆಗೆ, ಪರಿಚಿತ ನೀರಿನಲ್ಲಿ ಅದು ಸದಾಕಾಲ ಧ್ವನಿ ಹೊರಡಿಸುತ್ತಲೇ ಇರುವುದಿಲ್ಲ. ಪಾಠದಲ್ಲಿ ನಾವು ಹೊಗಳುವ ಆ ಅದ್ಭುತ ಶಕ್ತಿ ಸುಳ್ಳಲ್ಲ. ಆದರೆ ಇಂಥ ಎಳೆಯ ಮುಂದೆ ಅದಕ್ಕೆ ಮಿತಿಯಿದೆ.

ಶಿಕ್ಷಕರು ಇದನ್ನು ತರಗತಿಯಲ್ಲಿ ಸುಲಭವಾಗಿ ತೋರಿಸಬಹುದು. ಪ್ರಯೋಗಾಲಯದ ಬೊರೊಸಿಲಿಕೇಟ್ ಗಾಜಿನ ಕಡ್ಡಿಯನ್ನು ನೀರಿನಲ್ಲಿ ಅದ್ದಿ, ಕಾಣುತ್ತದೆ. ಗ್ಲಿಸರಿನ್‌ನಲ್ಲಿ ಅದ್ದಿ, ಬಹುಮಟ್ಟಿಗೆ ಮಾಯವಾಗುತ್ತದೆ. ಎರಡರ ವಕ್ರೀಭವನ ಸೂಚ್ಯಂಕ ಸುಮಾರು 1.47 ಆಗಿರುವುದೇ ಕಾರಣ. ಬೆಳಕಿಗೆ ವಕ್ರೀಭವನ ಸೂಚ್ಯಂಕ ಹೇಗೋ ಶಬ್ದಕ್ಕೆ ಪ್ರತಿಬಾಧೆ ಹಾಗೆ.

ಮಾಡಬಹುದಾದದ್ದು

ಪ್ರಶ್ನೆ ಭೌತವಿಜ್ಞಾನದ್ದಾದ್ದರಿಂದ ಉತ್ತರವನ್ನೂ ಅಲ್ಲೇ ಹುಡುಕುವ ಪ್ರಯತ್ನಗಳಾಗಿವೆ. ಬಲೆಗೆ ಬ್ಯಾಟರಿಯಿಂದ ನಡೆಯುವ ಚಿಕ್ಕ ಧ್ವನಿಸಾಧನಗಳನ್ನು ಕಟ್ಟುವುದು ಒಂದು ದಾರಿ. 1994ರಲ್ಲಿ ಅಮೆರಿಕದ ಮೇನ್ ಕೊಲ್ಲಿಯಲ್ಲಿ ನಡೆದ ಪ್ರಯೋಗದಲ್ಲಿ ಸದ್ದಿಲ್ಲದ ಬಲೆಗಳಿಗೆ 25 ಪಾರ್‌ಪಾಯಿಸ್‌ಗಳು ಬಿದ್ದರೆ, ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಸದ್ದುಮಾಡುವ ಬಲೆಗಳಿಗೆ ಬಿದ್ದವು 2 ಮಾತ್ರ. ಪಾರ್‌ಪಾಯಿಸ್ ಡಾಲ್ಫಿನ್‌ಗಿಂತ ಚಿಕ್ಕದಾದ ಸಂಬಂಧಿ. ಎಳೆಗೆ ಬೇರಿಯಂ ಸಲ್ಫೇಟ್ ಬೆರೆಸಿ ಸಾಂದ್ರತೆ ಹೆಚ್ಚಿಸುವ ಪ್ರಯೋಗಗಳೂ ನಡೆದಿವೆ. ಆದರೆ ಗೂನುಬೆನ್ನಿನ ಡಾಲ್ಫಿನ್ ಬದುಕುವುದು ದಡದ ಕಿರಿದಾದ ಪಟ್ಟಿಯಲ್ಲಿ. ಅಲ್ಲೆಲ್ಲ ಸದ್ದು ತುಂಬಿದರೆ ಅದು ಬಲೆಯಿಂದ ಉಳಿದರೂ ತನ್ನ ಅಳಿವೆಯನ್ನೇ ಕಳೆದುಕೊಳ್ಳಬಹುದು. ಆದ್ದರಿಂದ ಎಲ್ಲಿ, ಯಾವ ತಿಂಗಳು, ಎಂಥ ಬಲೆ ಎಂಬ ಮಾಹಿತಿ ಮೊದಲು ಬೇಕು.

ಆ ಮಾಹಿತಿ ಇರುವುದು ಮೀನುಗಾರರಲ್ಲಿ. ಎಲಿಯಟ್ ಕಲಿತದ್ದೂ ಅವರಿಂದಲೇ. ವನ್ಯಜೀವಿ ಕಾಯಿದೆಯ ರಕ್ಷಣೆ ಡಾಲ್ಫಿನ್‌ಗಿದೆ. ಆದರೆ ಅದನ್ನು ಬಿಡಿಸಲು ಬಲೆ ಕತ್ತರಿಸುವ ಬಡ ಮೀನುಗಾರನ ನಷ್ಟವನ್ನು ಯಾರು ತುಂಬಬೇಕು? ಮಹಾರಾಷ್ಟ್ರ 2018ರ ಡಿಸೆಂಬರಿನಲ್ಲಿ ಇದಕ್ಕೊಂದು ಯೋಜನೆ ತಂದು, ಸಂರಕ್ಷಿತ ಕಡಲಜೀವಿಯನ್ನು ಬಿಡಿಸಲು ಬಲೆ ಕತ್ತರಿಸಿದವರಿಗೆ 25,000 ರೂಪಾಯಿವರೆಗೆ ಪರಿಹಾರ ನೀಡುವ ವ್ಯವಸ್ಥೆ ಮಾಡಿತು. ಹೀಗೆ ಪರಿಹಾರ ದೊರೆತಾಗ ಬಿಡಿಸಿದ ಪ್ರತಿ ಪ್ರಾಣಿಯೂ ಲೆಕ್ಕಕ್ಕೆ ಬರುತ್ತದೆ. ಸತ್ತದ್ದನ್ನು ಹೆದರಿ ಕಡಲಿಗೇ ಎಸೆದಾಗ ಯಾವ ಲೆಕ್ಕವೂ ಉಳಿಯುವುದಿಲ್ಲ.

ಲೆಕ್ಕವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೆಕ್ಸಿಕೋದ ಉದಾಹರಣೆ ಸಾಕು. ಅಲ್ಲಿನ ಕ್ಯಾಲಿಫೋರ್ನಿಯಾ ಕೊಲ್ಲಿಯ ವಾಕೀಟಾ ಎಂಬ ಪುಟ್ಟ ಪಾರ್‌ಪಾಯಿಸ್‌ಗೆ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದೇ 1958ರಲ್ಲಿ. 1997ರ ಸಮೀಕ್ಷೆಯಲ್ಲಿ ಅಂದಾಜು 567 ಇದ್ದವು. 2023ರ ಸಮೀಕ್ಷೆಯಲ್ಲಿ ಅಂದಾಜಾದದ್ದು ಹತ್ತರ ಆಸುಪಾಸು. ಯಾರೂ ಅದನ್ನು ಬೇಟೆಯಾಡಲಿಲ್ಲ. ಬೇರೆ ಮೀನಿಗೆಂದು ಹಾಕಿದ ಬಲೆಗಳೇ ಅದನ್ನು ಮುಗಿಸುತ್ತ ಬಂದವು.

ಮಸ್ಕಿಯ ಬಂಡೆ

ಕಡಲಿಲ್ಲದ ರಾಯಚೂರಿಗೆ ಇದೆಲ್ಲ ಏಕೆ ಎಂದು ನಮ್ಮ ವಿದ್ಯಾರ್ಥಿಗಳು ಕೇಳಿದರೆ ನಾನು ಮಸ್ಕಿಯನ್ನು ತೋರಿಸುತ್ತೇನೆ. 1915ರಲ್ಲಿ ಅಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಪತ್ತೆಮಾಡಿದ ಬಂಡೆಶಾಸನದಲ್ಲಿ 'ಅಶೋಕ' ಎಂಬ ಹೆಸರು ಸ್ಪಷ್ಟವಾಗಿ ಸಿಕ್ಕಿತು. ಉತ್ತರದ ಸ್ತಂಭಗಳ ಮೇಲೆ 'ದೇವಾನಾಂಪಿಯ' ಎಂಬ ಬಿರುದಿನಿಂದ ಆಜ್ಞೆ ಹೊರಡಿಸಿದವನು ಅಶೋಕನೇ ಎಂಬುದು ಆ ಮೂಲಕ ದೃಢವಾಯಿತು. ಆ ಸ್ತಂಭಶಾಸನಗಳಲ್ಲಿ ಐದನೆಯದು ಕೊಲ್ಲಬಾರದ ಪ್ರಾಣಿಗಳ ಪಟ್ಟಿ. ಅದರಲ್ಲಿ ಬರುವ 'ಗಂಗಾಪುಪುಟಕ'ವನ್ನು ಗಂಗೆಯ ಡಾಲ್ಫಿನ್ ಎಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ಅದೇ ಶಾಸನ ವರ್ಷದ ಕೆಲವು ನಿಗದಿತ ದಿನಗಳಲ್ಲಿ ಮೀನು ಕೊಲ್ಲುವುದನ್ನೂ ಮಾರುವುದನ್ನೂ ನಿಷೇಧಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಇರುವ 61 ದಿನಗಳ ಮೀನುಗಾರಿಕೆ ನಿಷೇಧ ಇದನ್ನು ನೆನಪಿಸುತ್ತದೆ. ಗಂಗೆಯ ಡಾಲ್ಫಿನ್‌ನನ್ನು ಭಾರತ ಸರ್ಕಾರ 2009ರಲ್ಲಿ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಕಡಲಿನ ಗೂನುಬೆನ್ನಿನ ಡಾಲ್ಫಿನ್‌ಗೆ ಅಂಥ ಮನ್ನಣೆ ಇನ್ನೂ ಬಂದಿಲ್ಲ.

ಮಾನ್ವಿಯ ಆ ವಿದ್ಯಾರ್ಥಿನಿಗೆ ಕೊನೆಗೆ ನಾನು ಹೇಳಿದ್ದು ಇಷ್ಟೇ. "ಬಲೆಯೂ ಅದಕ್ಕೆ ತಿಳಿಯುತ್ತದಮ್ಮ, ಆದರೆ ತಡವಾಗಿ ತಿಳಿಯುತ್ತದೆ." ಅವಳು ಸ್ವಲ್ಪ ಯೋಚಿಸಿ, "ಹಾಗಾದರೆ ಬಲೆಯ ಎಳೆಯನ್ನೇ ಜೋರಾಗಿ ಕೇಳಿಸುವ ಹಾಗೆ ಮಾಡಬೇಕಲ್ಲವೇ ಸರ್, ಮೀನಿಗೆ ಮಾತ್ರ ಗೊತ್ತಾಗದ ಹಾಗೆ?" ಎಂದಳು. ಬಹುಪಾಲು ಮೀನುಗಳಿಗೆ ಶ್ರವಣಾತೀತ ಧ್ವನಿ ಕೇಳಿಸುವುದಿಲ್ಲ, ಡಾಲ್ಫಿನ್‌ಗೆ ಕೇಳಿಸುತ್ತದೆ. ಪ್ರಶ್ನೆ ಸರಿಯಾದ ಜಾಗಕ್ಕೆ ಬಂದು ನಿಂತಿದೆ. ಅಂಥ ಎಳೆಯನ್ನು ಅಗ್ಗವಾಗಿ, ಗಟ್ಟಿಯಾಗಿ ಮಾಡುವ ಕೆಲಸ ಇನ್ನೂ ಬಾಕಿಯಿದೆ. ಅದನ್ನು ಮಾಡುವವರು ಕಡಲ ದಂಡೆಯಲ್ಲೇ ಹುಟ್ಟಿರಬೇಕೆಂದೇನೂ ಇಲ್ಲ.